ಟೋನ್‌ಆರ್ಮ್ ಬದಲಿಸುವ ಮುನ್ನ: ಯಾವ ತೋಳು, ಯಾರಿಗೆ?

ಟರ್ನ್‌ಟೇಬಲ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಹತ್ತುವ ಹುಚ್ಚು ಇದು: ತುದಿಯಲ್ಲಿ ಸೂಜಿ ಹೊತ್ತು ರೆಕಾರ್ಡಿನ ಮೇಲೆ ಸರಿಯುವ ತೋಳು, ಅಂದರೆ ಟೋನ್‌ಆರ್ಮ್, ಬದಲಿಸಿದರೆ ಹೇಗೆ? ಕಾಸರಗೋಡಿನ ಸುತ್ತಮುತ್ತಲ ಓದುಗರ ಪ್ರಶ್ನೆಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಮೂರು ಬಗೆಯವರು ಕಾಣುತ್ತಾರೆ. ಬದಿಯಡ್ಕ ಕಡೆಯ ಒಬ್ಬರಲ್ಲಿ ತಂದೆಯವರು ಕೊಲ್ಲಿಯಿಂದ ಬರುವಾಗ ಹೊತ್ತು ತಂದ ಜಪಾನಿ ಯಂತ್ರವಿದೆ. ತಿರುಗುತ್ತದೆ, ಹಾಡುತ್ತದೆ, ಆದರೆ ಬಲಗಡೆಯ ಸ್ಪೀಕರ್ ಆಗಾಗ ಮೌನವ್ರತ ಹಿಡಿಯುತ್ತದೆ. ಮಂಜೇಶ್ವರದ ಒಬ್ಬ ಅಧ್ಯಾಪಕಿ ಹೊಸದಾಗಿ ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಎಂಬ ಟರ್ನ್‌ಟೇಬಲ್ ಕೊಂಡಿದ್ದಾರೆ; ಎಲ್‌ಪಿ ರೆಕಾರ್ಡಿನ ಕೊನೆಯ ಕೆಲವು ನಿಮಿಷ ಕರ್ಕಶವಾಗುತ್ತದೆ ಎಂಬುದು ಅವರ ದೂರು. ಮುಳ್ಳೇರಿಯದ ಮೂರನೆಯವರಿಗೆ ಅಜ್ಜನ ಕಪಾಟಿನಿಂದ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡು, 45 ಸುತ್ತಿನ ಸಿನಿಮಾ ಹಾಡುಗಳು, ಶಾಸ್ತ್ರೀಯ ಸಂಗೀತದ ಎಲ್‌ಪಿ ಎಲ್ಲವೂ ಸಿಕ್ಕಿವೆ. ಯಂತ್ರ ಇನ್ನೂ ಕೊಂಡಿಲ್ಲ. ಲಂಡನ್ನಿನಲ್ಲಿರುವ ಭಾವ ಹಳೆಯ ಎಸ್‌ಎಂಇ 3009 ತೋಳೊಂದನ್ನು ತಂದುಕೊಡುತ್ತೇನೆ ಎಂದಿದ್ದಾರಂತೆ.

ಮೂವರೂ ಕೇಳಿದ್ದು "ಯಾವ ತೋಳು ಒಳ್ಳೆಯದು?" ಎಂದು. ತೋಳನ್ನು ಒಂಟಿಯಾಗಿ ಮೇಜಿನ ಮೇಲಿಟ್ಟುಕೊಂಡು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಅದರ ತುದಿಯಲ್ಲಿ ಯಾವ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ) ಕೂರುತ್ತದೆ, ಬುಡದಲ್ಲಿ ಯಾವ ಯಂತ್ರವಿದೆ ಎಂದು ತಿಳಿದ ಮೇಲೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ. ಹಾಗಾಗಿ ಮಾದರಿಗಳ ಹೆಸರಿಗೆ ಮೊದಲು ಅಳತೆಗೋಲು.

ಯಾವುದರಿಂದ ಅಳೆಯುವುದು

ಮೊದಲನೆಯದು, ಕೂರುತ್ತದೆಯೇ ಎಂಬ ಸರಳ ಪ್ರಶ್ನೆ. ತೋಳು ತಿರುಗುವ ಬಿಂದುವಿಗೂ ರೆಕಾರ್ಡಿನ ನಡುಗೂಟಕ್ಕೂ ಇರಬೇಕಾದ ದೂರ ಕಂಪನಿಯಿಂದ ಕಂಪನಿಗೆ ಬೇರೆ. ರೆಗಾ ತೋಳುಗಳಿಗೆ 222 ಮಿ.ಮೀ., ಟೆಕ್ನಿಕ್ಸ್ ಎಸ್‌ಎಲ್-1200ಕ್ಕೆ 215, ಜೆಲ್ಕೊಗೆ 214, ಲಿನ್‌ಗೆ 211. ಎಸ್‌ಎಂಇ 3009 ತನ್ನ ಉದ್ದನೆಯ ಪೀಠದ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವುದರಿಂದ ಸ್ವಲ್ಪ ಹೊಂದಿಕೊಳ್ಳುತ್ತದೆ. ಏಳೆಂಟು ಮಿಲಿಮೀಟರಿನಲ್ಲಿ ಏನು ಮಹಾ ಎನಿಸಬಹುದು. ಸೂಜಿಯ ಮೊನೆ ನಡುಗೂಟವನ್ನು ದಾಟಿ ಚಾಚಬೇಕಾದ ಅಂತರವೇ ಸುಮಾರು 15 ಮಿ.ಮೀ.; ಅದರಲ್ಲಿ ಏಳೆಂಟು ತಪ್ಪಿದರೆ ಅರ್ಧ ತಪ್ಪಿದಂತೆ. ತೋಳಿನ ಹಲಗೆ ಬಿಚ್ಚಿ ತೆಗೆಯಬಹುದಾದ ಯಂತ್ರವಾದರೆ ಒಳ್ಳೆಯ ಬಡಗಿಯಿಂದ ಹೊಸ ಹಲಗೆ ಕೊರೆಸಬಹುದು. ತೋಳು ತಾನಾಗಿ ಏಳುವ, ತಾನಾಗಿ ಮರಳುವ ಯಂತ್ರದಲ್ಲಿ ಅದು ಒಳಗಿನ ಗೇರುಗಳಿಗೆ ಬೆಸೆದುಕೊಂಡಿರುತ್ತದೆ. ಅಲ್ಲಿ ಆಸೆ ಬಿಡುವುದೇ ಮೇಲು.

ಎರಡನೆಯದು ತೂಕ. ಹೆಚ್ಚಿನವರ ದುಡ್ಡು ಪೋಲಾಗುವುದು ಇದನ್ನು ನೋಡದೆ. ಕಾರ್ಟ್ರಿಜ್ಜಿನೊಳಗೆ ಸೂಜಿಯ ಕಡ್ಡಿಯನ್ನು ಹಿಡಿದಿರುವ ರಬ್ಬರು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದು ಎಷ್ಟು ಮೆತ್ತಗೆ ಎಂಬುದರ ಅಳತೆಗೆ ಕಂಪ್ಲಯನ್ಸ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಜಂತಿಗೆ ನೇತುಹಾಕುವ ಸ್ಪ್ರಿಂಗ್ ತೊಟ್ಟಿಲು ನೋಡಿದ್ದೀರಲ್ಲ, ಮಗು ಬೆಳೆದು ಭಾರವಾದಂತೆ ಅದರ ಕುಣಿತ ನಿಧಾನವಾಗುತ್ತದೆ. ಇಲ್ಲಿಯೂ ಅಷ್ಟೇ: ತೋಳು ಭಾರವಾದಷ್ಟೂ, ರಬ್ಬರು ಮೆತ್ತಗಿದ್ದಷ್ಟೂ ಜೋಡಿಯ ಸಹಜ ಕಂಪನ ಕೆಳಗಿಳಿಯುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ನಿಂತರೆ ಕ್ಷೇಮ. ಕೆಳಗೆ ಹೋದರೆ ಡೊಂಕಾದ ರೆಕಾರ್ಡಿನ ಏರಿಳಿತವೂ ಕೋಣೆಯಲ್ಲಿ ಓಡಾಡುವವರ ಹೆಜ್ಜೆಯೂ ಅದನ್ನು ಕೆಣಕುತ್ತವೆ. ಮೇಲೆ ಹೋದರೆ ಸಂಗೀತದ ಕೆಳಸ್ವರಗಳಿಗೇ ಹತ್ತಿರವಾಗುತ್ತದೆ.

ಲೆಕ್ಕ ಕಷ್ಟವಿಲ್ಲ. ತೋಳಿನ ಪರಿಣಾಮಿ ತೂಕ, ಅಂದರೆ ತಕ್ಕಡಿಯಲ್ಲಿ ಕಾಣುವ ತೂಕವಲ್ಲದೆ ಸೂಜಿಗೆ ತಟ್ಟುವ ಜಡತೆ, ಕೈಪಿಡಿಯಲ್ಲಿ ಗ್ರಾಂಗಳಲ್ಲಿ ಕೊಟ್ಟಿರುತ್ತದೆ. ಅದಕ್ಕೆ ಕಾರ್ಟ್ರಿಜ್ಜಿನ ತೂಕವನ್ನೂ ಸ್ಕ್ರೂಗಳ ಪಾಲಿಗೆ ಒಂದು ಗ್ರಾಮನ್ನೂ ಕೂಡಿಸಿ, ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ. ಆರ್ಟೊಫೋನ್ 2ಎಂ ರೆಡ್ 7.2 ಗ್ರಾಂ, ಕಂಪ್ಲಯನ್ಸ್ 20. ಅದನ್ನು 12 ಗ್ರಾಮಿನ ಟೆಕ್ನಿಕ್ಸ್ ತೋಳಿಗೆ ಹಾಕಿದರೆ ಸುಮಾರು 8 ಹರ್ಟ್ಸ್, ಅಂಚಿನಲ್ಲಿ ಪಾಸು. 6 ಗ್ರಾಮಿನ ಡೆಬ್ಯೂ ಕಾರ್ಬನ್ ತೋಳಿನಲ್ಲಿ 9.4, ಹೇಳಿ ಮಾಡಿಸಿದ ಜೋಡಿ. ಈಗ ಹೆಸರುವಾಸಿಯಾದ ಡೆನಾನ್ ಡಿಎಲ್-103 ತೆಗೆದುಕೊಳ್ಳಿ: 8.5 ಗ್ರಾಂ, ಕಂಪ್ಲಯನ್ಸ್ ಬರೇ 5. ಜಪಾನಿನ ಕಂಪನಿಗಳು ಈ ಅಂಕಿಯನ್ನು 100 ಹರ್ಟ್ಸ್‌ನಲ್ಲಿ ಅಳೆಯುವುದರಿಂದ ನಮ್ಮ ಲೆಕ್ಕಕ್ಕೆ ಅದನ್ನು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು, ಅಂದರೆ 9 ಎಂದಿಟ್ಟುಕೊಳ್ಳಬೇಕು. ಟೆಕ್ನಿಕ್ಸ್ ತೋಳಿನಲ್ಲಿ ಅದು 11.4ಕ್ಕೆ ಬಂದು ಒಪ್ಪವಾಗಿ ಕೂರುತ್ತದೆ. ಹಗುರ ಕಾರ್ಬನ್ ತೋಳಿನಲ್ಲಿ 13.5ಕ್ಕೆ ಹಾರುತ್ತದೆ. ದುಬಾರಿ ತೋಳೆಂದರೆ ಹಗುರ ತೋಳು ಎಂಬ ನಂಬಿಕೆ ಇದ್ದವರು ಈ ನಾಲ್ಕು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಮೂರನೆಯದು ಬೇರಿಂಗು. ಟೆಕ್ನಿಕ್ಸ್ ತನ್ನ ಎಸ್‌ಎಲ್-1200 ಎಂಕೆ2 ತೋಳಿಗೆ ಹೇಳಿಕೊಳ್ಳುವ ಘರ್ಷಣೆ 7 ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಸಾಧನ ನಮ್ಮಲ್ಲಿರುವುದಿಲ್ಲ, ಬೇಕಾಗಿಯೂ ಇಲ್ಲ. ಆ್ಯಂಟಿ-ಸ್ಕೇಟಿಂಗ್ (ತೋಳು ಒಳಕ್ಕೆ ಜಾರದಂತೆ ಹಿಡಿಯುವ ಏರ್ಪಾಡು) ಸೊನ್ನೆಗಿಡಿ, ಹಿಂದಿನ ಪ್ರತಿತೂಕವನ್ನು ಹೊಂದಿಸಿ ತೋಳು ಗಾಳಿಯಲ್ಲಿ ಮಟ್ಟಸವಾಗಿ ತೇಲುವಂತೆ ಮಾಡಿ, ಮೆಲ್ಲನೆ ಊದಿ. ಅದು ತಡೆಯಿಲ್ಲದೆ ಸರಿದು ಎಲ್ಲಿಯೂ ಗಕ್ಕನೆ ನಿಲ್ಲದೆ ತಂಗಬೇಕು. ಒಂದೇ ಜಾಗದಲ್ಲಿ ಪ್ರತಿಸಲ ಸಿಕ್ಕಿಕೊಂಡರೆ ಬೇರಿಂಗಿನಲ್ಲಿ ಕೊಳೆಯೋ ತುಕ್ಕೋ ಇದೆ ಎಂದರ್ಥ. ಆಮೇಲೆ ಹೆಡ್‌ಶೆಲ್ಲನ್ನು, ಅಂದರೆ ಕಾರ್ಟ್ರಿಜ್ ಕೂರುವ ತೋಳಿನ ತಲೆಯನ್ನು, ಎರಡು ಬೆರಳಲ್ಲಿ ಹಿಡಿದು ಮುಂದೆ ಹಿಂದೆ, ಅಕ್ಕಪಕ್ಕ ಅಲುಗಿಸಿ ನೋಡಿ. ಬುಡದಲ್ಲಿ ಕಟಕಟ ಅನಿಸಿದರೆ ಸಡಿಲವಾಗಿದೆ.

ನಾಲ್ಕನೆಯದು ಹೆಡ್‌ಶೆಲ್ ಕಳಚಿ ಬರುವಂಥದೇ ಎಂಬುದು. ಬರೇ ಎಲ್‌ಪಿ ಕೇಳುವವರಿಗೆ ಅದು ದೊಡ್ಡ ವಿಷಯವಲ್ಲ. 78 ಕೂಡ ಕೇಳುವವರಿಗೆ ಅದೇ ಮುಖ್ಯ ವಿಷಯ. ಅರಗಿನ ರೆಕಾರ್ಡಿನಲ್ಲಿ ಸೂಜಿ ಓಡುವ ಗೀರು ಅಗಲ. ಅದಕ್ಕೆ ಸುಮಾರು 76 ಮೈಕ್ರಾನ್ ತ್ರಿಜ್ಯದ ಸೂಜಿ ಬೇಕು, ಎಲ್‌ಪಿಗೆ 18ರ ಆಸುಪಾಸು. ಎಲ್‌ಪಿ ಸೂಜಿಯನ್ನು 78ರ ಮೇಲೆ ಇಟ್ಟರೆ ಅದು ಗೀರಿನ ತಳದಲ್ಲಿ ಕಸ ಕೆರೆಯುತ್ತಾ ಹೋಗುತ್ತದೆ. ನಮ್ಮ ದೇಶದಲ್ಲಿ 78ರ ರೆಕಾರ್ಡುಗಳು 1960ರ ದಶಕದಲ್ಲಿಯೂ ಬರುತ್ತಿದ್ದವು. ಅಜ್ಜಂದಿರ ಕಪಾಟುಗಳು ಬೆರಕೆಯಾಗಿರುವುದು ಅದಕ್ಕೇ.

ಇನ್ನು ನಮ್ಮ ಊರಿನದೇ ಒಂದು ಅಳತೆಗೋಲು, ಯಾವ ವಿದೇಶಿ ಮಾರ್ಗದರ್ಶಿಯಲ್ಲಿಯೂ ಕಾಣದ್ದು. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಸಮುದ್ರದ ಉಪ್ಪುಗಾಳಿ, ಆಟಿ ತಿಂಗಳಲ್ಲಿ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಸುವ ತೇವ. ಗಾಳಿಗೆ ತೆರೆದಿರುವ ತಾಮ್ರದ ಸಂಪರ್ಕಗಳಿಗೆ ಕಿಲುಬು ಬರುತ್ತದೆ, ಪ್ರತಿತೂಕದ ಹಿಂದಿನ ರಬ್ಬರು ಸೋಲುತ್ತದೆ. ಸಂಪರ್ಕಗಳು ಕಡಿಮೆ ಇರುವ ತೋಳಿಗೆ ಇಲ್ಲಿ ಆಯುಷ್ಯ ಹೆಚ್ಚು. ಅದರ ಜೊತೆಗೆ ಹಳೆಯ ಹಂಚಿನ ಮನೆಗಳ ಮರದ ಉಪ್ಪರಿಗೆ. ಹಲಗೆಯ ಮೇಲೆ ಯಾರಾದರೂ ನಡೆದರೆ ಯಂತ್ರವೇ ತೂಗುತ್ತದೆ. ನಾಜೂಕಿನ ತೋಳು ಅಲ್ಲಿ ಬಾಳುವುದಿಲ್ಲ.

ಇರುವ ತೋಳನ್ನೇ ಸರಿಮಾಡುವುದು

ಎಲ್ಲಕ್ಕಿಂತ ಅಗ್ಗದ ದಾರಿ, ಮತ್ತು ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಏಳು ಜನರಿಗೆ ಸಾಕಾಗುವ ದಾರಿ.

ಬದಿಯಡ್ಕದವರ ಬಲ ಸ್ಪೀಕರಿನ ಮೌನವನ್ನೇ ಹತ್ತಿರದಿಂದ ನೋಡೋಣ. ಕೊರಳಿನ ಉಂಗುರ ತಿರುಗಿಸಿ ಹೆಡ್‌ಶೆಲ್ ಕಳಚಿದರೆ ಅದರ ಹಿಂಬದಿಯಲ್ಲಿ ನಾಲ್ಕು ಪುಟ್ಟ ಬಿಂದುಗಳು ಕಾಣುತ್ತವೆ, ತೋಳಿನ ಬಾಯಲ್ಲಿ ಅವಕ್ಕೆ ಎದುರಾಗಿ ಸ್ಪ್ರಿಂಗಿನ ನಾಲ್ಕು ಮೊಳೆಗಳು. ಮಿರುಗಬೇಕಾದಲ್ಲಿ ಕಂದು ಬಣ್ಣದ ಪೊರೆ, ಅಂಚಿನಲ್ಲಿ ಹಸುರು ಪುಡಿ. ಹೆಡ್‌ಶೆಲ್ಲಿನ ಬಿಂದುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ತೋಳಿನ ಮೊಳೆಗಳನ್ನು ಒಂದೊಂದಾಗಿ ಹಲ್ಲುಕಡ್ಡಿಯಿಂದ ಒತ್ತಿ ಬಿಡಿ. ಒಳಗೆ ಹೋದದ್ದು ಪುಟಿದು ಹೊರಗೆ ಬರಬೇಕು. ಕಾರ್ಟ್ರಿಜ್ಜಿನ ಹಿಂದೆ ನಾಲ್ಕು ಬಣ್ಣದ ತಂತಿಗಳಿವೆ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸುರು ಬಲಕ್ಕೆ. ಬಲಗಡೆ ಮಾತಾಡದಿದ್ದರೆ ಕೆಂಪು-ಹಸುರಿನ ಕ್ಲಿಪ್ಪು ಸಡಿಲವಾಗಿದೆಯೇ ನೋಡಿ. ಬೆಸುಗೆ ಹಾಕಬೇಕಾಗಿ ಬಂದರೆ ಕ್ಲಿಪ್ಪನ್ನು ಕಾರ್ಟ್ರಿಜ್ಜಿನಿಂದ ತೆಗೆದ ಮೇಲೆಯೇ ಹಾಕಿ. ಬಿಸಿ ಒಳಗಿಳಿದರೆ ಕೂದಲಿನಂಥ ಸುರುಳಿ ಕೆಡಬಹುದು.

ಆಮೇಲೆ ಹೊಂದಾಣಿಕೆ. ಗಾರೆಯವರ ರಸಮಟ್ಟ ಇಟ್ಟು ಯಂತ್ರ ಸಮತಟ್ಟಾಗಿದೆಯೇ ನೋಡುವುದು, 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಸೂಜಿಯ ಭಾರ (ಅದು ರೆಕಾರ್ಡನ್ನು ಒತ್ತುವ ಭಾರ) ಅಳೆಯುವುದು, ಕೋನದ ಗೆರೆಗಳಿರುವ ಪ್ರೊಟ್ರ್ಯಾಕ್ಟರ್ ಕಾಗದದ ಮೇಲೆ ಕಾರ್ಟ್ರಿಜ್ ನೇರ ಮಾಡುವುದು. ಕಾಗದವನ್ನು ಮುದ್ರಿಸಿಕೊಂಡರೆ ಅದರ ಮೇಲಿನ ಅಳತೆಗೆ ಸ್ಕೇಲು ಹಿಡಿದು ನೋಡಿಯೇ ಬಳಸಿ, ಮುದ್ರಣದಲ್ಲಿ ಕುಗ್ಗಿರುವುದುಂಟು. ಟೆಕ್ನಿಕ್ಸ್‌ನವರು ಇನ್ನೂ ಸುಲಭ ಮಾಡಿದ್ದಾರೆ: ಹೆಡ್‌ಶೆಲ್ಲಿನ ಬುಡದ ರಬ್ಬರು ಬಳೆಯಿಂದ ಸೂಜಿಮೊನೆಗೆ 52 ಮಿ.ಮೀ. ಬಂದರೆ ಮುಗಿಯಿತು. ಸಾಮಾನುಗಳಿಗೆಲ್ಲ ಸೇರಿ ಒಂದೆರಡು ಸಾವಿರ ರೂಪಾಯಿ ಸಾಕು.

ಒಂದು ಎಚ್ಚರಿಕೆ: 1980ರ ದಶಕದ ಕೆಲವು ಯಂತ್ರಗಳಲ್ಲಿ ಕಾರ್ಟ್ರಿಜ್ ಪ್ಲಗ್ಗಿನಂತೆ ನೇರ ತೋಳಿಗೆ ತೂರಿಕೊಳ್ಳುತ್ತದೆ, ಪಕ್ಕದಲ್ಲಿ ಒಂದೇ ಸ್ಕ್ರೂ. ಅದು ಟಿ4ಪಿ ಮಾದರಿ. 6 ಗ್ರಾಂ ತೂಕ, 1.25 ಗ್ರಾಂ ಭಾರ ಎಂದು ಎಲ್ಲವೂ ಮೊದಲೇ ನಿಗದಿ. ಅಲ್ಲಿ ಹೊಂದಿಸುವ ಕೆಲಸವೂ ಇಲ್ಲ, ತೋಳು ಬದಲಿಸುವ ಮಾತೂ ಇಲ್ಲ. ಹೊಸ ಸೂಜಿ ಹಾಕಿ, ಕೇಳಿ.

ತೋಳು ಬಿಟ್ಟು ಸೂಜಿ ಬದಲಿಸುವುದು

ಮಂಜೇಶ್ವರದ ಅಧ್ಯಾಪಕಿಯವರ ತೊಂದರೆ ಇಲ್ಲಿಗೆ ಸೇರಿದ್ದು. ಎಲ್‌ಪಿಯ ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಹಾದುಹೋಗುತ್ತದೆ, ಒಳಸುತ್ತಿಗೆ ಬರುವಾಗ ಅದು 21ಕ್ಕೆ ಇಳಿಯುತ್ತದೆ. ಅದೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂತಿರುತ್ತದೆ. ಪಾಶ್ಚಾತ್ಯ ಪಾಪ್ ಹಾಡುಗಳ ರೆಕಾರ್ಡಿನಲ್ಲಿ ಕೊನೆಗೊಂದು ಮೆಲ್ಲನೆಯ ಹಾಡು ಇಟ್ಟು ಪಾರಾಗಬಹುದು. ಖಯಾಲಿನಲ್ಲಿ ಆ ಉಪಾಯ ನಡೆಯದು. ಭೀಮಸೇನ ಜೋಶಿಯವರಾಗಲಿ ಮಲ್ಲಿಕಾರ್ಜುನ ಮನ್ಸೂರರಾಗಲಿ ವಿಲಂಬಿತದಲ್ಲಿ ಹೊರಟು ದ್ರುತದ ತಾನುಗಳಿಗೆ ಏರುವುದು ಸರಿಯಾಗಿ ರೆಕಾರ್ಡು ಅತಿ ಇಕ್ಕಟ್ಟಾಗುವ ಜಾಗದಲ್ಲಿ. ನಮ್ಮ ಸಂಗೀತ ಕೇಳುವವರಿಗೆ ಒಳಸುತ್ತಿನ ಕರ್ಕಶ ಬೇರೆಯವರಿಗಿಂತ ಹೆಚ್ಚು ಕಾಡುವುದು ಇದರಿಂದ.

ಇದಕ್ಕೆ ಮೊದಲ ಮದ್ದು ಹೊಂದಾಣಿಕೆ. ತೋಳು ಕಮಾನಿನಲ್ಲಿ ಚಲಿಸುವುದರಿಂದ ರೆಕಾರ್ಡಿನ ಎರಡೇ ಜಾಗಗಳಲ್ಲಿ ಸೂಜಿ ಗೀರಿಗೆ ನೇರವಾಗಿರುತ್ತದೆ. ಬೇರ್ವಾಲ್ಡ್ ಕ್ರಮದಲ್ಲಿ ಅವು ನಡುವಿನಿಂದ 66 ಮತ್ತು 121 ಮಿ.ಮೀ. ದೂರದಲ್ಲಿ, ಸ್ಟೀವನ್ಸನ್ ಕ್ರಮದಲ್ಲಿ ಸುಮಾರು 60 ಮತ್ತು 117ರಲ್ಲಿ. ಎರಡನೆಯದು ರೆಕಾರ್ಡಿನ ಕೊನೆಗೆ ಒಲವು ತೋರಿಸುತ್ತದೆ, ನಡುಭಾಗದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತದೆ. ಖಯಾಲು ಮತ್ತು ಲೇಬಲ್ಲಿನವರೆಗೂ ಹಾಡು ತುಂಬಿದ 45 ಹೆಚ್ಚಾಗಿ ಕೇಳುವವರು ಸ್ಟೀವನ್ಸನ್ ಇಟ್ಟು ನೋಡಲಿ. ಎರಡನೆಯ ಮದ್ದು ಸೂಜಿಯ ಆಕಾರ. ಡೆಬ್ಯೂ ಕಾರ್ಬನ್ನಿನಲ್ಲಿ 2ಎಂ ರೆಡ್ ಇದ್ದರೆ ಅದೇ ಕಾರ್ಟ್ರಿಜ್ಜಿಗೆ 2ಎಂ ಬ್ಲೂ ಸೂಜಿ ಎಳೆದು ತೂರಿಸಬಹುದು, ಸ್ಕ್ರೂ ಮುಟ್ಟಬೇಕಾಗಿಲ್ಲ. ಆಡಿಯೊ-ಟೆಕ್ನಿಕಾದ ವಿಎಂ95 ಸರಣಿಯಲ್ಲಿ ಈ ಸೌಲಭ್ಯ ಇನ್ನೂ ಉದಾರ: ಒಂದೇ ದೇಹ, ಅಗ್ಗದ ಗುಂಡು ಸೂಜಿಯಿಂದ ಮೈಕ್ರೊಲೈನ್ ಎಂಬ ಸಪುರ ಮೊನೆಯವರೆಗೆ ಹಲವು ಸೂಜಿ, 78ಕ್ಕೂ ಬೇರೆಯೇ ಒಂದು. ಒಳಸುತ್ತಿನ ಮಟ್ಟಿಗೆ ಮೈಕ್ರೊಲೈನ್ ಸೂಜಿ ಕೊಡುವ ಲಾಭವನ್ನು ಅದೇ ಬೆಲೆಯ ಯಾವ ತೋಳೂ ಕೊಡದು.

ಹೊಸ ರೆಗಾ, ಹಳೆಯ ಎಸ್‌ಎಂಇ

ಹಾಗಾದರೆ ತೋಳು ಬದಲಿಸಬೇಕಾದವರು ಯಾರು? ಯಂತ್ರದ ಮೋಟಾರು, ತಟ್ಟೆ, ಪೀಠ ಗಟ್ಟಿಮುಟ್ಟಾಗಿದ್ದು, ತೋಳಿನ ಬೇರಿಂಗು ಮಾತ್ರ ಸತ್ತಿರುವವರು. ಅಥವಾ ಡಿಎಲ್-103ನಂಥ ಬಿಗಿ ಕಾರ್ಟ್ರಿಜ್ ಬೇಕೇಬೇಕು, ಇರುವ ತೋಳು ತೀರ ಹಗುರ ಎನ್ನುವವರು.

ಅವರಿಗೆ ಮೊದಲ ಹೆಸರು ರೆಗಾ. 1983ರಲ್ಲಿ ಬಂದ ಆರ್‌ಬಿ300 ತೋಳಿನ ಕೊಳವೆಯನ್ನು ಹೆಡ್‌ಶೆಲ್ಲಿನ ಸಮೇತ ಒಂದೇ ಅಲ್ಯೂಮಿನಿಯಂ ಎರಕದಲ್ಲಿ ತೆಗೆದಿತ್ತು. ಇಂದಿನ ಆರ್‌ಬಿ330ರ ವಂಶ ಅದೇ. ಪರಿಣಾಮಿ ತೂಕ 11 ಗ್ರಾಂ ಆಸುಪಾಸು, ಹಾಗಾಗಿ 2ಎಂನಿಂದ ಡಿಎಲ್-103ರವರೆಗೆ ಬಹುತೇಕ ಎಲ್ಲದರ ಜೊತೆ ಬಾಳುತ್ತದೆ. ನಮ್ಮ ಹವೆಗೆ ಇದರ ಇನ್ನೊಂದು ಗುಣ ಒಗ್ಗುತ್ತದೆ: ಹೆಡ್‌ಶೆಲ್ ಕಳಚುವುದಿಲ್ಲವಾದ್ದರಿಂದ ಕಿಲುಬು ಹಿಡಿಯುವ ಆ ನಾಲ್ಕು ಮೊಳೆಗಳ ಗೊಡವೆಯೇ ಇಲ್ಲ. ಕುಂದು ಕೂಡ ಅದೇ. 78ಕ್ಕೆಂದು ಹೆಡ್‌ಶೆಲ್ ಬದಲಿಸುವ ಹಾಗಿಲ್ಲ. ತೋಳಿನ ಎತ್ತರ ಹೊಂದಿಸಲು ಬುಡಕ್ಕೆ ಬಿಲ್ಲೆ ಇಡಬೇಕು, ತಿರುಪಿ ಎತ್ತುವ ಏರ್ಪಾಡಿಲ್ಲ. ಹಳೆಯ ಆರ್‌ಬಿ250, ಆರ್‌ಬಿ300 ಒಂದೇ ದೊಡ್ಡ ನಟ್ಟಿನಲ್ಲಿ ಕೂರುತ್ತವೆ, ಈಗಿನವು ಮೂರು ಸ್ಕ್ರೂಗಳಲ್ಲಿ. ಹಲಗೆ ಕೊರೆಸುವ ಮೊದಲೇ ಯಾವುದು ಬರಲಿದೆ ಎಂದು ಖಚಿತಪಡಿಸಿಕೊಳ್ಳಿ. ಬೆಲೆಯ ವಿಷಯ ಹೇಳಲೇಬೇಕು: ಹೊಸ ಆರ್‌ಬಿ330ಕ್ಕೆ ಕೊಡುವ ದುಡ್ಡಿಗೆ ಅದೇ ಕಂಪನಿಯ ಆರಂಭಿಕ ಟರ್ನ್‌ಟೇಬಲ್ ತೋಳು ಸಮೇತ ಬಂದೀತು. ಹೊರದೇಶದಿಂದ ತರಿಸಿದರೆ ಸುಂಕ, ಜಿಎಸ್‌ಟಿ ಬೇರೆ.

ಎಸ್‌ಎಂಇ ಮತ್ತು ಜೆಲ್ಕೊ ಈಗ ಹಳೆಯ ಮಾಲಿನ ಸಂತೆಯ ಸರಕು. 2019ರ ಕೊನೆಗೆ ಎಸ್‌ಎಂಇ ತೋಳುಗಳನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿತು. ಜೆಲ್ಕೊ ಹೆಸರಿನಲ್ಲಿ ಮಾರುತ್ತಿದ್ದ ಜಪಾನಿನ ಇಚಿಕಾವಾ ಜ್ಯೂವೆಲ್ 2020ರಲ್ಲಿ ಬಾಗಿಲು ಹಾಕಿತು. ಮಧ್ಯಮ ಬೆಲೆಯ ಕಳಚುವ ಹೆಡ್‌ಶೆಲ್ ತೋಳು ಬೇಕೆಂದವರಿಗೆ ಇದು ನಿಜವಾದ ನಷ್ಟ. ಎರಡರಲ್ಲಿ ಒಂದು ಆರಿಸು ಎಂದರೆ ನಾನು ಜೆಲ್ಕೊ ಕಡೆ. ಸಾಧಾರಣ ಗುಂಡಿನ ಬೇರಿಂಗು, ಗಟ್ಟಿ, ಕಾರ್ಟ್ರಿಜ್ಜಿನ ವಿಷಯದಲ್ಲಿ ಹಟವಿಲ್ಲ. ಎಸ್‌ಎಂಇ 3009 ನೋಡಲು ಚೆಲುವೆ, ಆದರೆ ಅದರ ಕೊನೆಯ ರೂಪಗಳು ಹಗುರ ಭಾರದ ಮೆತ್ತನೆಯ ಕಾರ್ಟ್ರಿಜ್‌ಗಳ ಕಾಲಕ್ಕೆ ಹುಟ್ಟಿದಂಥವು. ಆ ಕಾಲದ ದೊರೆಯಾಗಿದ್ದ ಶೂರ್ ಕಂಪನಿಯೇ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯಿಂದ ಹೊರಬಿದ್ದಿದೆ. 2.5 ಗ್ರಾಂ ಒತ್ತುವ ಡೆನಾನ್ ಅದಕ್ಕೆ ಸರಿಜೋಡಿಯಲ್ಲ. ಮೇಲೆ ಕೆಳಗೆ ಆಡುವಾಗ ಈ ತೋಳು ಚೂರಿಯ ಅಲಗಿನಂಥ ಅಂಚಿನ ಮೇಲೆ ನಿಂತಿರುತ್ತದೆ. ಸಾಗಣೆಯಲ್ಲಿ ಅದು ನೆಲೆ ತಪ್ಪಿದರೆ ಮತ್ತೆ ಕೂರಿಸಬಲ್ಲವರು ಮಂಗಳೂರಿನಲ್ಲಿಯೂ ಸುಲಭಕ್ಕೆ ಸಿಗರು.

12 ಅಂಗುಲ, ಒಂಟಿಮೊನೆ, ನೇರಗತಿ

ಈ ಮೂರರ ಬಗ್ಗೆ ಆಸೆಪಡುವವರಿದ್ದಾರೆ, ಅದಕ್ಕಾಗಿ ನಾಲ್ಕು ಮಾತು. 12 ಅಂಗುಲದ ತೋಳು ಕೋನದ ತಪ್ಪನ್ನು 9 ಅಂಗುಲದ್ದಕ್ಕಿಂತ ಕಾಲು ಭಾಗಕ್ಕೂ ಮಿಕ್ಕಿ ಇಳಿಸುತ್ತದೆ ಎಂಬುದು ನಿಜ. ತಿರುಗುಬಿಂದು ನಡುಗೂಟದಿಂದ ಸುಮಾರು 295 ಮಿ.ಮೀ. ದೂರ ಹೋಗುವುದರಿಂದ ಪೀಠವೇ ದೊಡ್ಡದಾಗಬೇಕು, ತೂಕವೂ ಏರುತ್ತದೆ. ಒಂದೇ ಮೊನೆಯ ಮೇಲೆ ನಿಂತು ತೂಗುವ ಯುನಿಪಿವಟ್ ತೋಳಿಗೆ ಘರ್ಷಣೆ ಅತ್ಯಲ್ಪ. ಮರದ ಉಪ್ಪರಿಗೆಯಲ್ಲಿ, ಮಕ್ಕಳಿರುವ ಮನೆಯಲ್ಲಿ ಬೇಡ. ರೆಕಾರ್ಡು ಕೊರೆಯುವ ಯಂತ್ರದಂತೆಯೇ ನೇರ ಗೆರೆಯಲ್ಲಿ ಸಾಗುವ ತೋಳುಗಳು ತತ್ತ್ವದಲ್ಲಿ ಸರಿಯಾದವು. ಗಾಳಿಯ ಪಂಪು ಬೇಡುವ ಮಾದರಿಯನ್ನು ಮಳೆಗಾಲದ ಕರೆಂಟಿನ ಭರವಸೆಯ ಮೇಲೆ ಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಇಡೀ ಯಂತ್ರವನ್ನೇ ಬದಲಿಸುವುದು

ತೋಳಿಗೆ ಖರ್ಚು ಮಾಡಲಿರುವ ಮೊತ್ತ ಯಂತ್ರದ ಇಂದಿನ ಬೆಲೆಯ ಅರ್ಧ ದಾಟಿದರೆ ಕೈ ತಡೆದು ಈ ದಾರಿಯನ್ನೊಮ್ಮೆ ನೋಡಿ. ಟೆಕ್ನಿಕ್ಸ್ 1972ರಲ್ಲಿ ಶುರುವಾದ ಎಸ್‌ಎಲ್-1200ರ ತಯಾರಿಕೆಯನ್ನು 2010ರಲ್ಲಿ ನಿಲ್ಲಿಸಿ 2016ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಆ ಮನೆತನದ ಯಾವುದನ್ನು ಕೊಂಡರೂ ಎತ್ತರ ಹೊಂದಿಸಬಹುದಾದ, ಹೆಡ್‌ಶೆಲ್ ಕಳಚುವ, ಪ್ರಾಮಾಣಿಕವಾದ ತೋಳು ಜೊತೆಗೇ ಬರುತ್ತದೆ. ಕಡಿಮೆ ಬಜೆಟ್ಟಿಗೆ ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಇದೆ, 78ರ ವೇಗವೂ ಉಂಟು. ಅದೇ ಕಂಪನಿಯ ಎಲ್‌ಪಿ60 ಅಗ್ಗವೆಂದು ಕೊಂಡು ಮುಂದೆ ಸುಧಾರಿಸುತ್ತೇನೆ ಎನ್ನಬೇಡಿ. ಅದರಲ್ಲಿ ಸೂಜಿಯ ಭಾರವನ್ನೂ ಬದಲಿಸಲು ಬರುವುದಿಲ್ಲ. ಜಪಾನಿನ ಮನೆಬಳಕೆಗೆಂದೇ ಮಾಡಿದ ಹಳೆಯ ಯಂತ್ರ ಸಿಕ್ಕರೆ ಹಿಂಬದಿಯ ಫಲಕ ಓದಿ: 100 ವೋಲ್ಟ್ ಎಂದಿದ್ದರೆ ನಮ್ಮ ಪ್ಲಗ್ಗಿಗೆ ನೇರ ಚುಚ್ಚುವಂತಿಲ್ಲ, ಇಳಿಕೆಯ ಟ್ರಾನ್ಸ್‌ಫಾರ್ಮರ್ ಬೇಕು.

ಬದಿಯಡ್ಕದವರು ಪೆನ್ಸಿಲ್ ರಬ್ಬರಿನಿಂದ ಆರಂಭಿಸಲಿ; ತೋಳು ತೇಲಿಸಿ ಊದಿದಾಗ ತಡೆಯಿಲ್ಲದೆ ಸರಿದರೆ ಹೊಸ ಕಾರ್ಟ್ರಿಜ್ ಹಾಕಿ ನಿಶ್ಚಿಂತೆಯಿಂದ ಇರಲಿ. ಅಧ್ಯಾಪಕಿಯವರು ಹೊಂದಾಣಿಕೆ ನೋಡಿದ ಮೇಲೂ ದ್ರುತ ಕೆರೆದರೆ ಬ್ಲೂ ಸೂಜಿ ತರಿಸಲಿ, ತೋಳಿನ ತಂಟೆಗೆ ಹೋಗುವುದು ಬೇಡ. ಮುಳ್ಳೇರಿಯದವರಿಗೆ ಮೂರು ವೇಗವಿರುವ, ಹೆಡ್‌ಶೆಲ್ ಕಳಚುವ ಯಂತ್ರವೇ ಸರಿ. ಎರಡು ಹೆಡ್‌ಶೆಲ್ ಇಟ್ಟುಕೊಂಡರೆ 78 ಮತ್ತು ಎಲ್‌ಪಿಗೆ ಒಂದೊಂದು, ಬದಲಿಸಿದಾಗಲೆಲ್ಲ ಭಾರ ಮತ್ತೆ ಅಳೆಯುವುದೊಂದು ಕೆಲಸ. ಭಾವನ ಉಡುಗೊರೆಯನ್ನು ಬೇಡ ಎನ್ನಲಾಗದಿದ್ದರೆ ಕೊಳ್ಳುವ ಮೊದಲೇ ಅದನ್ನು ಪಕ್ಕದಿಂದ ತೆಗೆದ ಒಂದು ಫೋಟೊ ಕಳಿಸಲು ಹೇಳಿ. ಪ್ರತಿತೂಕ ಹೊತ್ತ ಹಿಂಭಾಗದ ಕಡ್ಡಿ ತೋಳಿನ ಗೆರೆಗಿಂತ ಕೆಳಗೆ ಜೋತಿದ್ದರೆ ಒಳಗಿನ ರಬ್ಬರು ಸೋತಿದೆ. ಅದನ್ನು ಅಲ್ಲಿಯೇ ಬದಲಿಸಿ, ತೋಳನ್ನು ಕೊಕ್ಕೆಗೆ ಬಿಗಿಯಾಗಿ ಕಟ್ಟಿ, ಪ್ರತಿತೂಕ ಬೇರೆ ಪೊಟ್ಟಣದಲ್ಲಿಟ್ಟು ಕೈಚೀಲದಲ್ಲಿ ತರಲಿ.